ಅರವತ್ತೈದನೆಯ ಬೀಜ

ನದಿಯ ದಡದ ಆ ಆಶ್ರಮದಲ್ಲಿ ಒಂದು ಕಲ್ಲು ಇತ್ತು. ಓದು ಮುಗಿಸಿದವರು ಅದರ ಮೇಲೆ ಒಂದು ದೊಡ್ಡ ಸಂಖ್ಯೆ ಕೆತ್ತಿ ಹೋಗಬೇಕು. ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ. ಆಮೇಲೆ ಬಂದವರು ಅದನ್ನು ನಂಬಿ ತಮ್ಮ ಲೆಕ್ಕ ಮುಂದುವರಿಸುತ್ತಿದ್ದರು.

ಕಲ್ಲಿನಲ್ಲಿ ಒಂದು ಸಂಖ್ಯೆಗೆ ಮಾತ್ರ ಅಡ್ಡಗೆರೆ ಎಳೆದಿತ್ತು. ಅದು ಯಾರದೆಂದು ಯಾರೂ ಕೇಳಿರಲಿಲ್ಲ.

ನೇಮಣ್ಣ ಆರಿಸಿಕೊಂಡದ್ದು ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂದು. ಅದನ್ನು ಎರಡರಿಂದ ಮುನ್ನೂರ ಹದಿಮೂರರವರೆಗಿನ ಅಂಥವೇ ಅರವತ್ತೈದು ಸಣ್ಣ ಸಂಖ್ಯೆಗಳಿಂದ ಭಾಗಿಸಿ ನೋಡಬೇಕಿತ್ತು. ಒಂದೊಂದರಿಂದಲೂ ಮೂರು ಬಾರಿ, ಮರಳಿನ ಮೇಲೆ. ಮೂರು ಬಾರಿಯೂ ಶೇಷ ಉಳಿದರೆ ಬಟ್ಟಲಿಗೆ ಒಂದು ಹುಣಸೆಬೀಜ.

ಊರಿನಲ್ಲಿ ಅವನಿಗೆ ಹೆಣ್ಣುಮಗು ಹುಟ್ಟಿ ಮೂರು ತಿಂಗಳಾಗಿತ್ತು. ಅಪ್ಪ ಬಂದ ಮೇಲೆ ಹೆಸರಿಡೋಣವೆಂದು ಮನೆಯವರು ಕಾಯುತ್ತಿದ್ದರು. ನದಿ ಏರುತ್ತಿತ್ತು. ಇವತ್ತಿನ ದೋಣಿ ತಪ್ಪಿದರೆ ಮಳೆಗಾಲ ಮುಗಿಯುವ ತನಕ ಇನ್ನೊಂದಿಲ್ಲ.

ಅಂಬಿಗ ಕೆಂಚ ದಡದಿಂದ ಕೂಗಿದ. “ಬರ್ತೀರೋ ಇಲ್ವೋ ಸ್ವಾಮಿ? ನಿಮ್ಮ ಲೆಕ್ಕ ಮುಗಿಯೋ ಹೊತ್ತಿಗೆ ಮಗಳ ಮದುವೆನೇ ಆಗಿರುತ್ತೆ.”

ನೇಮಣ್ಣ ಬಟ್ಟಲನ್ನು ಗುರು ಪಾರ್ಶ್ವಯ್ಯನವರ ಮುಂದೆ ಇಟ್ಟ. ಅವರು ಬೀಜಗಳನ್ನು ಒಂದೊಂದಾಗಿ ಎಣಿಸಿದರು. ಅರವತ್ತೈದು. ಉಳಿ, ಸುತ್ತಿಗೆ ಅವನ ಕೈಗೆ ಕೊಟ್ಟರು.

“ಕೆತ್ತು.”

ಉಳಿ ಕಲ್ಲಿಗೆ ತಾಗಿತು. ಸುತ್ತಿಗೆ ಏಳಲಿಲ್ಲ.

“ಗುರುಗಳೇ, ಒಂದು ಬೀಜ ಸುಮ್ಮನೆ ಹಾಕಿದ್ದೇನೆ.”

“ಯಾವುದು?”

“ಕೊನೆಯದು. ಮುನ್ನೂರ ಹದಿಮೂರು. ಅರವತ್ತನಾಲ್ಕರಲ್ಲೂ ಶೇಷ ಉಳಿಯಿತಲ್ಲ, ಇದರಲ್ಲೂ ಉಳಿದೇ ಉಳಿಯುತ್ತದೆ.”

ಗುರುಗಳು ನದಿಯ ಕಡೆ ನೋಡಿದರು.

“ದೋಣಿ ಇನ್ನೂ ಇದೆ,” ಎಂದರು.

ನೇಮಣ್ಣ ಉಳಿಯನ್ನು ಕೆಳಗಿಟ್ಟು ಮರಳಿನ ಮುಂದೆ ಕೂತ. ಆತುರದಲ್ಲಿ ಒಂದು ಅಂಕಿ ತಪ್ಪಿತು. ಅಳಿಸಿ ಮತ್ತೆ ಬರೆದ. ಕೆಂಚ ಎರಡು ಸಲ ಕೂಗಿದ. ಮತ್ತೆ ಕೂಗಲಿಲ್ಲ. ಮೂರನೆಯ ಬಾರಿಯ ಭಾಗಾಕಾರ ಮುಗಿದಾಗ ದೋಣಿ ನಡುನೀರಿನಲ್ಲಿತ್ತು.

ಮೂರು ಬಾರಿಯೂ ನೂರ ನಲವತ್ತನಾಲ್ಕು ಶೇಷ. ಸಂಖ್ಯೆ ಭಾಗವಾಗಲಿಲ್ಲ.

ನೇಮಣ್ಣ ದೂರ ಸರಿಯುತ್ತಿದ್ದ ದೋಣಿಯ ಕಡೆ ನೋಡಿದ. “ನಾನು ಹೇಳಿದ್ದೇ ಸರಿಯಾಯಿತು. ನಿಮಗೆ ಮೊದಲೇ ಗೊತ್ತಿತ್ತೇ?”

“ಇಲ್ಲ.”

“ಏನೂ ಕಾರಣವಿಲ್ಲದೆ ಮಗುವಿನ ಮುಖ ನೋಡುವುದು ತಪ್ಪಿತು.”

ಗುರುಗಳು ಎದ್ದು ಕಲ್ಲಿನ ಹತ್ತಿರ ಹೋದರು. ಅಡ್ಡಗೆರೆ ಎಳೆದ ಸಂಖ್ಯೆಯ ಮೇಲೆ ಬೆರಳಿಟ್ಟರು. ತೊಂಬತ್ತೊಂಬತ್ತು ಸಾವಿರದ ಇನ್ನೂರ ಇಪ್ಪತ್ತೊಂದು.

“ಇದನ್ನೂ ಅದೇ ಮುನ್ನೂರ ಹದಿಮೂರರಿಂದ ಭಾಗಿಸು.”

ನೇಮಣ್ಣ ಮರಳನ್ನು ಸಮಮಾಡಿ ಭಾಗಿಸಿದ. ಮುನ್ನೂರ ಹದಿನೇಳು ಬಂತು. ಶೇಷ ಏನೂ ಉಳಿಯಲಿಲ್ಲ.

ಅವನು ತಲೆ ಎತ್ತಿದ. ಗುರುಗಳ ಬೆರಳು ಇನ್ನೂ ಆ ಗೆರೆಯ ಮೇಲೇ ಇತ್ತು.

“ಇದನ್ನು ಕೆತ್ತಿದ ದಿನ,” ಎಂದರು, “ನನಗೆ ದೋಣಿ ಸಿಕ್ಕಿತ್ತು.”