ಅಜ್ಜನನ್ನು ಗುಡ್ಡ ಇಳಿಸಿದ ದಿನ

ಹಿಮಾಲಯದ ಒಂದು ಕಣಿವೆಯಲ್ಲಿ ಮೂರು ಕೋಣೆಯ ಆಶ್ರಮವಿತ್ತು. ಅಲ್ಲಿ ಶಾಂತಮಲ್ಲಯ್ಯ ಎಂಬ ಅಜ್ಜ ಇದ್ದರು. ಸುರಪುರದ ಕಡೆಯವರು. ಬೆಟ್ಟಕ್ಕೆ ಬಂದು ಮೂವತ್ತು ಚಳಿಗಾಲ ಕಳೆದಿದ್ದರೂ ಮಾತು ಮಾತ್ರ ಊರಿನದೇ ಉಳಿದಿತ್ತು.

ಒಂದು ವರ್ಷ, ಹಿಮ ಬೀಳುವ ಮುಂಚೆ, ಮಹಾನಂದಾ ಎಂಬವಳು ಅವರನ್ನು ಹುಡುಕಿಕೊಂಡು ಬಂದಳು. ಶಹಾಪುರದವಳು. ವಯಸ್ಸು ಇಪ್ಪತ್ತೊಂಬತ್ತು. ಶಿಷ್ಯೆಯಾಗಿ ಇರುತ್ತೇನೆ ಎಂದಳು.

ಅಜ್ಜ ಬೇಡ ಎನ್ನಲಿಲ್ಲ.

ಅವಳು ಕೆಲಸದಲ್ಲಿ ಚುರುಕು. ಆದರೆ ಯಾವುದನ್ನೂ ತಾನಾಗಿ ನಿರ್ಧರಿಸುತ್ತಿರಲಿಲ್ಲ. ಬೇಳೆಗೆ ಎಷ್ಟು ಉಪ್ಪು ಎಂದು ದಿನವೂ ಕೇಳುವಳು. ದಾರಿಯಲ್ಲಿ ಅಜ್ಜನಿಗಿಂತ ಹತ್ತು ಹೆಜ್ಜೆ ಹಿಂದೆಯೇ ನಡೆಯುವಳು.

ಒಂದು ಬೆಳಿಗ್ಗೆ ಅಜ್ಜನ ಮುಂದೆ ಬಂದು ಕೂತಳು.

"ಅಜ್ಜಾರ, ಧೈರ್ಯ ಬರೂ ಅಂಥ ಮಂತ್ರ ಇದ್ರ ಕೊಡ್ರಿ."

"ಮಂತ್ರ ಆಮ್ಯಾಲ ನೋಡೂಣು. ಬೂಟು ಹಾಕ್ಕೋ."

ಹೊರಗೆ ರಾತ್ರಿಯಿಡೀ ಬಿದ್ದ ಹಿಮ ಬಿಸಿಲಿಗೆ ಹೊಳೆಯುತ್ತಿತ್ತು. ಅಜ್ಜ ಕಟ್ಟಿಗೆ ಕೋಣೆಯಿಂದ ಎರಡು ಜೊತೆ ಸ್ಕೀ ಹಲಗೆ ತಂದರು.

"ಇವು ಯಾರವ್ರಿ?"

"ಒಂದು ಜೋಡಿ ನಂದು. ಇನ್ನೊಂದು ಯಾರು ಬರ್ತಾರೋ ಅವರದು."

ಮಹಾನಂದಾ ಹಿಂದೆ ಸರಿದಳು. "ಇದೊಂದು ಬ್ಯಾಡ್ರಿ ಅಜ್ಜಾರ."

"ಯಾಕ?"

ಅವಳು ಹಲಗೆಗೆ ಬೆನ್ನು ಮಾಡಿ ನಿಂತಳು. ಆಮೇಲೆ ಹೇಳಿದಳು.

ಆರು ವರ್ಷದ ಹಿಂದೆ ಅವಳು ಸ್ಕೂಟರ್ ಓಡಿಸುತ್ತಿದ್ದಳು. ಹಿಂದೆ ತಂಗಿ ಅಂಬಿಕಾ ಕೂತಿದ್ದಳು. ತಿರುವಿನಲ್ಲಿ ರಸ್ತೆಯ ಮೇಲೆ ಮರಳು ಚೆಲ್ಲಿತ್ತು. ಅವಳು ವೇಗ ಇಳಿಸಲಿಲ್ಲ. ತಂಗಿಯ ಕಾಲು ಎರಡು ಕಡೆ ಮುರಿಯಿತು. ಈಗಲೂ ಕುಂಟುತ್ತಾಳೆ.

"ಆಕಿ ಒಂದು ಮಾತು ಅಂದಿಲ್ರಿ ನನಗ. ಅಂದಿದ್ರ ಚಲೋ ಇತ್ತು."

ಅಂದಿನಿಂದ ಅವಳು ಸೈಕಲ್ ಕೂಡ ಮುಟ್ಟಿರಲಿಲ್ಲ. ಯಾರ ಮಗುವನ್ನೂ ಎತ್ತಿಕೊಂಡಿರಲಿಲ್ಲ.

ಅಜ್ಜ ಪೂರ್ತಿ ಕೇಳಿದರು. ನಿನ್ನ ತಪ್ಪಿಲ್ಲ ಎಂದು ಸಮಾಧಾನ ಹೇಳಲಿಲ್ಲ.

"ಆವಾಗಿಂದ ನೀ ಬಿದ್ದೇ ಇಲ್ಲೇನು?"

"ಇಲ್ರಿ."

"ಹಂಗಾರ ಮರ್ತಿರ್ತಿ. ಇವತ್ತು ಬೀಳೂದು ಕಲಿ."

ಹಾಗೆಂದವರೇ ಹಲಗೆ ಕಟ್ಟಿಕೊಂಡು ನಾಲ್ಕು ಮಾರು ಜಾರಿ, ಅವಳ ಕಣ್ಣೆದುರೇ ದಪ್ಪನೆ ಬಿದ್ದರು. ಗಡ್ಡದ ತುಂಬ ಹಿಮ.

"ಹಿಂಗ ನೋಡು. ಮಗ್ಗಲಾಗಿ ಬೀಳಬೇಕು. ಕೈ ಊರಬಾರ್ದು."

ಅವಳು ಹೆದರುತ್ತಲೇ ಬಿದ್ದಳು. ಎದ್ದಳು. ಮತ್ತೆ ಬಿದ್ದಳು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ತಪ್ಪಿತ್ತು. ಒಮ್ಮೆ ಬಿದ್ದಾಗ ಒಂದು ಹಲಗೆ ಕಳಚಿಕೊಂಡು ತಾನೊಂದೇ ಇಳಿದು ಹೋಗಿ, ಅಂಗಳದ ಸೌದೆ ರಾಶಿಗೆ ಬಡಿದು ನಿಂತಿತು.

ಮಹಾನಂದಾಗೆ ನಗು ಬಂತು. ತನ್ನ ನಗು ಕೇಳಿ ಅವಳೇ ಬೆಚ್ಚಿದಳು. ಅದು ಎದುರಿನ ಬೆಟ್ಟಕ್ಕೆ ತಾಗಿ ಇನ್ನೊಮ್ಮೆ ಕೇಳಿಸಿತು.

ಅಜ್ಜ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು.

ಮರುದಿನದಿಂದ ಪಕ್ಕದ ಹೊಲದ ದೋಲ್ಕರ್ ಬಂದಳು. ಬೇಸಿಗೆಯಲ್ಲಿ ಆಲೂಗಡ್ಡೆ ಬೆಳೆಯುವ ಹೆಂಗಸು. ಚಳಿಗಾಲದಲ್ಲಿ ಊರಿನ ಅರ್ಧ ಮಂದಿಗೆ ಸ್ಕೀ ಕಲಿಸಿದವಳು ಅವಳೇ.

"ಹಲಗೆಯ ಮುಂದಿನ ತುದಿ ಹತ್ತಿರ ತಾ, ಹಿಮ್ಮಡಿ ದೂರ ಮಾಡು, ಮೊಣಕಾಲು ಬಗ್ಗಿಸು," ಎಂದು ಅವಳು ಹಿಂದಿಯಲ್ಲಿ ಹೇಳಿಕೊಟ್ಟಳು. "ಮೊದಲು ನಿಲ್ಲಿಸುವುದು ಬರಲಿ. ಇಳಿಯುವುದಕ್ಕೆ ಏನು ಅವಸರ?"

ಮಹಾನಂದಾ ನಿಲ್ಲಿಸಲು ಕಲಿತಳು. ತಿರುಗಲು ಕಲಿತಳು. ಒಂದು ತಿಂಗಳಾದ ಮೇಲೆ ಒಂದು ಸಂಜೆ ಓಡಿಕೊಂಡು ಬಂದಳು.

"ಅಜ್ಜಾರ, ಇವತ್ತ ಒಮ್ಮೆನೂ ಬೀಳಲಿಲ್ರಿ!"

"ಎದುರಿನ ಗುಡ್ಡದ ಮ್ಯಾಲ ಕಾಡಾಡು ನಿಂತಿದ್ವು. ನೋಡಿದೇನು?"

"ಇಲ್ರಿ. ಹಲಗಿ ನೋಡ್ಲಿಕ್ಕತ್ತಿದ್ದೆ."

"ಹೌದಾ," ಎಂದು ಅಜ್ಜ ಜಪಕ್ಕೆ ಕೂತರು.

ಮರುದಿನ ಅವಳು ತಲೆ ಎತ್ತಿ ಇಳಿದಳು. ಬಿದ್ದಳು. ಮತ್ತೆ ತಲೆ ಎತ್ತಿಯೇ ಇಳಿದಳು. ಸಂಜೆ ಚಹಾ ಆರುವವರೆಗೂ ಅವಳ ಮಾತು ಮುಗಿಯಲಿಲ್ಲ. ಕಾಡಾಡು ಏಳು ಇದ್ದವು, ಎಲ್ಲಕ್ಕಿಂತ ದೊಡ್ಡದು ಕಡಿದಾದ ಬಂಡೆಯ ಮೇಲೆ ನಿದ್ದೆ ಮಾಡುತ್ತಿತ್ತು, ಹಳದಿ ಕೊಕ್ಕಿನ ಕಾಗೆಗಳು ಗಾಳಿಯಲ್ಲಿ ಆಟವಾಡುತ್ತಿದ್ದವು.

"ಎಷ್ಟು ಸಲ ಬಿದ್ದಿ?"

"ಎಣಿಸ್ಲಿಲ್ರಿ."

ಅಜ್ಜ ಅವಳ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು.

ಚಳಿಗಾಲ ಮುಗಿಯುತ್ತಾ ಬಂದಿತ್ತು. ಒಂದು ದಿನ ಮಹಾನಂದಾಳ ಕಪ್ಪು ಕನ್ನಡಕ ಕಲ್ಲಿಗೆ ಬಡಿದು ಒಡೆಯಿತು. ಅಜ್ಜ ತಮ್ಮದನ್ನು ತೆಗೆದುಕೊಟ್ಟರು.

"ನಿಮಗ್ರಿ?"

"ನನ್ನ ಕಣ್ಣಿಗಿ ರೂಢಿ ಆಗ್ಯಾದ."

ಆ ದಿನವೆಲ್ಲ ಅಜ್ಜ ಬರಿಗಣ್ಣಲ್ಲಿ ಹಿಮದ ಮೇಲೆ ಇದ್ದರು. ಮರುದಿನ ಬೆಳಿಗ್ಗೆ ಅವರ ಕಣ್ಣು ಕೆಂಪಾಗಿತ್ತು. ಒಲೆಯ ಹೊಗೆ ಎಂದರು. ಹಾಗೇ ಅವಳನ್ನು ಕರೆದುಕೊಂಡು, ಹಲಗೆ ಮತ್ತು ಸ್ಕೀ ಊರುಗೋಲು ಹೊತ್ತು ಮೇಲಿನ ಗುಡ್ಡ ಹತ್ತಿದರು. ಅಲ್ಲಿಂದ, ಹರಿಯುತ್ತಿರುವಾಗಲೇ ಹೆಪ್ಪುಗಟ್ಟಿ ನಿಂತ ಜಲಪಾತ ಕಾಣುತ್ತಿತ್ತು.

ಅದು ತಿಳಿಹಸಿರಾಗಿತ್ತು. ಒಳಗೆಲ್ಲೋ ನೀರು ಇನ್ನೂ ಸಣ್ಣಗೆ ಸದ್ದು ಮಾಡುತ್ತಿತ್ತು. ಮಹಾನಂದಾ ಅರಿವಿಲ್ಲದೆ ಕೈ ಜೋಡಿಸಿದಳು.

ತಿರುಗಿ ನೋಡಿದರೆ ಅಜ್ಜ ಹಿಮದ ಮೇಲೆ ಕೂತುಬಿಟ್ಟಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಅವ್ವಾ, ಕಣ್ಣು ತೆರಿಯಾಕ ಬರವಲ್ದು."

ಅವಳು ಅವರ ಪಕ್ಕ ಮಂಡಿಯೂರಿದಳು.

"ನಾ ಹೋಗಿ ದೋಲ್ಕರ್ ಅಕ್ಕನ್ನ ಕರ್ಕೊಂಡ್ ಬರ್ತೀನ್ರಿ."

"ಹೋಗಿ ಬರಾಕ ಎಷ್ಟೊತ್ತು?"

"ಮೂರು ತಾಸು."

"ಮ್ವಾಡ?"

ಅವಳು ಪಶ್ಚಿಮಕ್ಕೆ ನೋಡಿದಳು. ಶಿಖರಗಳು ಒಂದೊಂದಾಗಿ ಬೂದು ಮೋಡದೊಳಗೆ ಮರೆಯಾಗುತ್ತಿದ್ದವು.

"ಒಂದು ತಾಸಿನ್ಯಾಗ ಇಲ್ಲಿಗಿ ಬರ್ತದ್ರಿ. ಏನ್ ಮಾಡ್ಲಿ, ನೀವು ಹೇಳ್ರಿ."

"ನನಗ ಕಾಣವಲ್ದು ಅವ್ವಾ. ಕಾಣೂದು ನಿನಗ. ನೀ ಹೇಳು."

"ನನ್ನ ಹಿಂದ ಬಂದವ್ರು ಕಾಲು ಮುರ್ಕೋತಾರ್ರಿ."

ಅಜ್ಜ ಕೈ ಚಾಚಿದರು. ಅದು ಅವಳಿಲ್ಲದ ಕಡೆ ತಡಕಾಡುತ್ತಿತ್ತು. ಆ ಕೈ ಹೀಗೆ ತಡಕಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅಜ್ಜನಿಗೂ ಹೆದರಿಕೆಯಾಗಿದೆ ಎಂದು ಅವಳಿಗೆ ಆಗ ತಿಳಿಯಿತು.

ಅವಳು ಆ ಕೈ ಹಿಡಿದಳು. "ಏಳ್ರಿ. ಇಳಿಯೂಣು."

ತನ್ನ ತಲೆವಸ್ತ್ರದಿಂದ ಅವರ ಕಣ್ಣು ಕಟ್ಟಿ, ಕಾಲಿಗೆ ಹಲಗೆ ಬಿಗಿದಳು. ಎರಡು ಊರುಗೋಲುಗಳನ್ನು ಉದ್ದಕ್ಕೆ ಹಿಡಿದು ಮುಂದೆ ನಿಂತಳು. ಹಿಂದಿನ ತುದಿಗಳನ್ನು ಅವರ ಕೈಗೆ ಕೊಟ್ಟಳು.

"ಹಿಮ್ಮಡಿ ಅಗಲ ಮಾಡ್ರಿ. ನಾ ನಿಲ್ಸಿದಾಗ ನೀವೂ ನಿಲ್ರಿ."

"ಮಾತಾಡ್ಕೋತ ಇರು. ನಿನ್ನ ದನಿ ಹಿಡ್ಕೊಂಡು ಬರ್ತೀನಿ."

ಹೊರಟರು.

"ಎಡಕ್ಕ ದೊಡ್ಡ ಕಲ್ಲು ಅದ್ರಿ. ಮೆಲ್ಲಕ ಬಲಕ್ಕ ಹೊಳ್ಳೂಣು. ಹಾಂ, ಹಂಗ. ಈಗ ಸ್ವಲ್ಪ ಇಳಿಜಾರು ಜಾಸ್ತಿ ಅದ. ಮೊಣಕಾಲು ಬಗ್ಗಿಸ್ರಿ."

ಕಲ್ಲು ಮುಗಿದವು. ತಿರುವು ಮುಗಿದವು. ಮುಂದೆ ಬಯಲಿನಂಥ ಇಳಿಜಾರು. ಹೇಳಲು ಏನೂ ಉಳಿಯಲಿಲ್ಲ. ಆದರೆ ಮಾತು ನಿಲ್ಲಿಸುವಂತಿರಲಿಲ್ಲ. ಅವಳು ಕಂಡದ್ದನ್ನು ಕಂಡಹಾಗೆ ಹೇಳತೊಡಗಿದಳು.

"ಇಲ್ಲಿ ನರಿ ದಾಟಿ ಹೋಗ್ಯಾದ್ರಿ. ಹೆಜ್ಜಿ ಹೊಲಿಗಿ ಹಾಕಿದಂಗ ಸೀದಾ ಅವ. ನೆಳ್ಳ ಬಿದ್ದಲ್ಲಿ ಹಿಮ ನೀಲಿ ಆಗ್ಯಾದ್ರಿ ಅಜ್ಜಾರ, ಬಿಳಿ ಅರಿಬಿಗಿ ನೀಲಿ ಹಾಕಿದಂಗ. ಆ ಕಡಿ ಭೋಜಪತ್ರದ ಗಿಡ ನಿಂತಾವ. ತೊಗಟಿ ಸುಲಿದು ಗಾಳಿಗಿ ಪಟಪಟ ಅಂತಾವ, ಅದರೊಳಗ ಬಿಸಿಲು ಹೊಕ್ಕು ಕೆಂಪಗ ಕಾಣ್ತದ."

ಆ ಮರಗಳನ್ನು ದಾಟಿದ ಮೇಲೆ ಹಿಮ ಗಟ್ಟಿಯಾಗಿತ್ತು. ಅವಳ ಹಲಗೆ ಜಾರಿತು. ಇಬ್ಬರೂ ಬಿದ್ದರು. ಊರುಗೋಲು ಅವಳ ಕೈಯಿಂದ ಕಳಚಿತು.

"ಅಜ್ಜಾರ!"

ಉತ್ತರವಿಲ್ಲ.

"ಅಜ್ಜಾರ!"

ಕೆಳಗಿನಿಂದ, ಹಿಮದೊಳಗಿನಿಂದ, ದನಿ ಬಂತು. "ಮಗ್ಗಲಾಗೇ ಬಿದ್ದೀನಿ."

ಅವಳು ತೆವಳಿಕೊಂಡು ಹೋದಳು. ಅವರ ಮೊಣಕಾಲು, ಪಾದ, ಮಣಿಕಟ್ಟು, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಎಲ್ಲವೂ ಸರಿಯಿತ್ತು. ಹಾಗೇ ಕೂತು ಒಂದು ಗಳಿಗೆ ಅತ್ತಳು. ಅಜ್ಜ ಕಾದರು.

ಆಮೇಲೆ ಅವಳೇ ಅವರನ್ನು ಎಬ್ಬಿಸಿ ಊರುಗೋಲಿನ ತುದಿ ಮತ್ತೆ ಅವರ ಕೈಗೆ ಕೊಟ್ಟಳು. ಅವರು ಹಿಡಿದುಕೊಂಡರು.

ಆಶ್ರಮ ತಲುಪಿದಾಗ ಹಿಂದೆ ಗುಡ್ಡವೇ ಇರಲಿಲ್ಲ. ಎಲ್ಲ ಮೋಡ. ದೋಲ್ಕರ್ ಓಡಿ ಬಂದು ಅಜ್ಜನ ಕಣ್ಣು ನೋಡಿದಳು. ಹಿಮದ ಬೆಳಕು ಸುಟ್ಟಿದೆ, ಎರಡು ಮೂರು ದಿನ ಕತ್ತಲಲ್ಲಿದ್ದರೆ ಸರಿಹೋಗುತ್ತದೆ ಎಂದಳು. ಆಮೇಲೆ ಬೈದಳು.

"ಇಷ್ಟು ವರ್ಷ ಇಲ್ಲಿದ್ದು, ಕನ್ನಡಕ ಇಲ್ಲದೆ ಹಿಮಕ್ಕೆ ಹೋಗುತ್ತಾರಾ ಯಾರಾದರೂ?"

ಅಜ್ಜ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಕೇಳಿಸಿಕೊಂಡರು.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಹಾನಂದಾ ಅವರ ಕಣ್ಣಿನ ಮೇಲೆ ತಣ್ಣೀರ ಬಟ್ಟೆ ಇಟ್ಟಳು.

"ಅಜ್ಜಾರ, ಖರೇ ಹೇಳ್ರಿ. ಇದು ನನಗ ಪರೀಕ್ಷಾ ಏನ್ರಿ?"

"ಅಲ್ಲ ಅವ್ವಾ. ತಪ್ಪು ಮಾಡಿದೆ. ಕಣ್ಣು ಉರಿತಿತ್ತು. ಬಿಸಿಲೇರಿ ಕರಗೂದ್ರಾಗ ನಿನಗ ಜಲಪಾತ ತೋರ್ಸಬೇಕು ಅಂತ ಆಸೆ ಆತು."

ಅವಳು ಬಟ್ಟೆ ಹಿಂಡಿ ಮತ್ತೆ ಇಟ್ಟಳು. ಆ ಸಂಜೆ ಬೇಳೆಗೆ ಎಷ್ಟು ಉಪ್ಪು ಎಂದು ಕೇಳಲು ಅವಳಿಗೆ ನೆನಪಾಗಲಿಲ್ಲ.

ಎರಡನೆಯ ದಿನ ಮಹಾನಂದಾ ದೋಲ್ಕರ್ ಮನೆಯ ಫೋನಿನಿಂದ ತಂಗಿಯ ಜೊತೆ ಮಾತಾಡಿದಳು. ಗುಡ್ಡ ಇಳಿದದ್ದನ್ನು ಹೇಳಿದಳು. ಆಮೇಲೆ, ಆರು ವರ್ಷದಲ್ಲಿ ಮೊದಲ ಸಲ, ಆ ತಿರುವಿನ ಬಗ್ಗೆ ಮಾತೆತ್ತಿದಳು. "ನಾ ವೇಗ ಇಳಿಸಬೇಕಿತ್ತು ಅಂಬಿ," ಎಂದಳು.

"ಹೌದು, ಇಳಿಸಬೇಕಿತ್ತು," ಎಂದಳು ಅಂಬಿಕಾ. ಆಮೇಲೆ ಕೇಳಿದಳು, "ಅಕ್ಕಾ, ಅಲ್ಲಿಗಿ ನಾನೂ ಬರ್ಲೇನು?"

ಮೂರನೆಯ ಬೆಳಿಗ್ಗೆ ಮಹಾನಂದಾ ಅಜ್ಜನ ಕಣ್ಣಿನ ಬಟ್ಟೆ ಬಿಚ್ಚಿದಳು. ಅಜ್ಜ ಮೆಲ್ಲಗೆ ಕಣ್ಣು ತೆರೆದರು. ಗೋಡೆ ನೋಡಿದರು. ತಮ್ಮ ಕೈ ನೋಡಿದರು. ಅವಳ ಮುಖವನ್ನು ಬಹಳ ಹೊತ್ತು ನೋಡಿದರು.

ಅವಳು ಅವರ ಪಾದಕ್ಕೆ ಹಣೆ ಹಚ್ಚಿದಳು.

"ಅಜ್ಜಾರ, ಅವತ್ತು ನಿಮಗ ಹೆದರಿಕಿ ಆಗಿತ್ತಲ್ರಿ?"

"ಬಾಳ ಆಗಿತ್ತು."

"ನಾ ಬೀಳಿಸಿದ ಮ್ಯಾಲೂ ಮತ್ತ ಕೋಲು ಹಿಡದ್ರಿ. ಹ್ಯಾಂಗ ಹಿಡದ್ರಿ?"

ಅಜ್ಜ ನಕ್ಕರು.

"ಗುಡ್ಡ ಎಷ್ಟು ಚಂದ ಅದ ಅಂತ ನೀ ಹೇಳ್ಕೋತ ಹೊಂಟಿದ್ದಿ ಅವ್ವಾ. ಅರ್ಧಕ್ಕ ಬಿಟ್ಟು ಕೂಡಾಕ ಮನಸ್ಸಾಗ್ಲಿಲ್ಲ."