ಕತ್ತರಿಸದ ಟೇಪು

ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿ ಸರ್ಕಾರ ಒಂದು ಶಿಶುಪಾಲನಾ ಕೇಂದ್ರ ಕಟ್ಟಿಸಿತು. ಭಟ್ಟಿಯಲ್ಲಿ ದುಡಿಯುವ ತಾಯಂದಿರು, ಇನ್ನು ಕೂಸುಗಳನ್ನು ಬೆಂಕಿಯ ಪಕ್ಕ ಮಲಗಿಸಬೇಕಾಗಿಲ್ಲ ಎಂದುಕೊಂಡರು. ಆದರೆ ಉದ್ಘಾಟಿಸಬೇಕಾದ ಮಂತ್ರಿಗಳಿಗೆ ಪುರುಸೊತ್ತಾಗಲಿಲ್ಲ. ಬಾಗಿಲಿಗೆ ಅಡ್ಡ ಕಟ್ಟಿದ ಕೆಂಪು ಟೇಪು ಬಿಸಿಲಿಗೆ ಬೆಳ್ಳಗಾಯಿತು.

ಇಲಾಖೆಯ ಅಧಿಕಾರಿಯೊಬ್ಬರು ಆಯಾ ಕೊಟ್ರಮ್ಮನಿಗೆ ಕೀಲಿಕೈ ಕೊಟ್ಟು ಅಪ್ಪಣೆ ಮಾಡಿದ್ದರು: "ಕಸ ಗುಡಿಸು. ಮಂತ್ರಿಗಳು ಬಂದ ದಿನ ಮಕ್ಕಳು ಶಿಸ್ತಾಗಿ ಕೂತು ಚಪ್ಪಾಳೆ ತಟ್ಟಬೇಕು. ಅಲ್ಲಿಯವರೆಗೆ ಟೇಪು ಯಾರೂ ಮುಟ್ಟಕೂಡದು."

ಮುಂದೊಂದು ದಿನ ಆ ಅಧಿಕಾರಿಗಳು ಬಂದಾಗ ಒಳಗೆ ಮಕ್ಕಳ ಗಲಾಟೆ. ಟೇಪು ಮಾತ್ರ ಇದ್ದಲ್ಲೇ ಇತ್ತು.

"ಯಾರನ್ನು ಕೇಳಿ ತೆರೆದೆ?"

"ತೆರೆದಿಲ್ಲ ಸಾಹೇಬ್ರೆ. ನೀವು ಹೇಳಿದ ಶಿಸ್ತಿನ ಅಭ್ಯಾಸ, ದಿನಾ ಬೆಳಿಗ್ಗೆಯಿಂದ ಸಂಜೆವರೆಗೂ."

"ಟೇಪು ದಾಟಿದ್ದು ಹೇಗೆ?"

"ಮಕ್ಕಳು ಅದರ ಕೆಳಗೆ ನಡ್ಕೊಂಡೇ ಹೋಗ್ತಾವೆ. ಟೇಪು ಕಟ್ಟಿದ್ದು ದೊಡ್ಡೋರ ಎತ್ತರಕ್ಕಲ್ವಾ?"

ಅಧಿಕಾರಿಗಳು ಇಣುಕಿ ನೋಡಿದರು. "ಅಲ್ಲಿ ನಾಲ್ಕು ಕೂಸು ನಿದ್ದೆ ಮಾಡ್ತಿವೆಯಲ್ಲ?"

"ಅವು ಭಾಷಣದ ಹೊತ್ತಿನ ಅಭ್ಯಾಸ ಮಾಡ್ತಿವೆ."

ತಪಾಸಣೆ ಮಾಡದೆ ಗತಿಯಿರಲಿಲ್ಲ. ಅಧಿಕಾರಿಗಳು ಹೊಟ್ಟೆ ಹಿಡಿದುಕೊಂಡು, ಸೊಂಟ ಬಗ್ಗಿಸಿ, ಟೇಪಿನ ಕೆಳಗೆ ನುಸುಳಿದರು. ತಲೆ ಎತ್ತುವುದರೊಳಗೆ ಎಚ್ಚರವಿದ್ದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು. ಅವರಿಗೆ ಯಾರೂ ಎಂದೂ ಚಪ್ಪಾಳೆ ತಟ್ಟಿರಲಿಲ್ಲ. ತಮಗೇ ಅರಿವಿಲ್ಲದೆ ಕೈಮುಗಿದರು.

"ಅಭ್ಯಾಸ ಇನ್ನೂ ಸಾಲದು," ಎಂದರು ಮುಗಿದ ಕೈ ಇಳಿಸಿ. "ಮುಂದುವರಿಸು. ಹಾಲಿಗೆ ಮಂಜೂರಾತಿ ಕಳಿಸ್ತೀನಿ."

ಮಂತ್ರಿಗಳ ದಿನಾಂಕ ಇನ್ನೂ ಗೊತ್ತಾಗಿಲ್ಲ. ಟೇಪಿಗೆ ತಲೆ ತಾಗುವಷ್ಟು ಬೆಳೆದ ಮಕ್ಕಳನ್ನು ಕೊಟ್ರಮ್ಮ ಶಾಲೆಗೆ ಸೇರಿಸುತ್ತಾಳೆ.