ಆಗ್ನೇಯ ಮೂಲೆಯ ಡಬ್ಬಿ

ದಾವಣಗೆರೆಯಲ್ಲಿ 'ಪಕ್ಕಾ ವಾಸ್ತು' ಎಂದು ಬೋರ್ಡು ಹಾಕಿ ಸೈಟು ಮಾರುವ ಷಡಕ್ಷರಪ್ಪನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೂ ಚೆನ್ನಾಗಿ ಗೊತ್ತಿತ್ತು. ಮಗನಿಗೆ ಗೇಮಿಂಗ್ ಕಂಪ್ಯೂಟರ್ ಮಾಡಿಸಲು ಅಂಗಡಿಗೆ ಬಂದವನು ಬೀಗರ ಮನೆಯದಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಆರಿಸಿದ. ಗಾಜಿನ ಕ್ಯಾಬಿನೆಟ್ಟಿಗೆ ಮದುವೆ ಛತ್ರಕ್ಕಾಗುವಷ್ಟು ದೀಪ ಹೇಳಿದ. ಎಲ್ಲಕ್ಕೂ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿಯ ಸರದಿ ಬಂದಾಗ ಮಾತ್ರ, "ಯಾರ ಕಣ್ಣಿಗೂ ಬೀಳದ್ದಕ್ಕೆ ಯಾಕಮ್ಮ ಒಳ್ಳೇದು? ಅಗ್ಗದ್ದು ಹಾಕು" ಎಂದ.

"ಇಷ್ಟು ದೊಡ್ಡ ಕಾರ್ಡಿಗೆ ಅದು ತಡೆಯಲ್ಲ ಸರ್, ಸುಟ್ಟು ಹೋಗುತ್ತೆ" ಎಂದಳು ಕಂಪ್ಯೂಟರ್ ಜೋಡಿಸುವ ಅಂಬುಜಾ.

"ಸುಟ್ಟರೆ ನಿನ್ನ ಕೆಲಸಾನೂ ಹೋಗುತ್ತೆ. ಈ ಮಳಿಗೆ ನಿಮ್ಮ ಓನರಿಗೆ ಬಾಡಿಗೆಗೆ ಕೊಟ್ಟಿರೋನು ನಾನು, ಗೊತ್ತಲ್ಲ?"

ಅಂಬುಜಾ ಮೇಜಿನ ಮೇಲಿದ್ದ ಕ್ಯಾಬಿನೆಟ್ಟನ್ನು ಮೆಲ್ಲಗೆ ಹಿಂದುಮುಂದಾಗಿ ತಿರುಗಿಸಿದಳು. "ಆಯ್ತು ಸರ್. ಆದರೆ ನೋಡಿ, ಈ ಡಬ್ಬಿ ಕೂರೋದು ಆಗ್ನೇಯ ಮೂಲೇಲಿ. ಅಗ್ನಿಯ ಜಾಗ. ಅಲ್ಲಿ ಬಡಕಲು ಇಟ್ಟರೆ ಯಜಮಾನರಿಗೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ?"

ಏನಾಗುತ್ತೆಂದು ಷಡಕ್ಷರಪ್ಪನಿಗೆ ತಿಳಿಯದು. ಕೇಳಿದರೆ ಮರ್ಯಾದೆ ಹೋಗುತ್ತದೆ. ಗಂಭೀರವಾಗಿ ತಲೆಯಾಡಿಸಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಗಟ್ಟಿ ಡಬ್ಬಿಯನ್ನು ಇಳಿಸಲು ಹೇಳಿದ. ಆಮೇಲೆ ಪಕ್ಕದಲ್ಲಿ ಮೌಸ್ ನೋಡುತ್ತಿದ್ದ ಗಿರಾಕಿಗೆ, "ಇವರಿಗೆ ವಾಸ್ತುವಿನ ಗಂಧವೇ ಇಲ್ಲ ಕಣ್ರೀ. ಎಲ್ಲ ನಾವೇ ಹೇಳಿಕೊಡಬೇಕು" ಎಂದ.

"ಹೌದು ಸರ್" ಎನ್ನುತ್ತ ಅಂಬುಜಾ ಡಬ್ಬಿಯನ್ನು ಒಳಗೆ ಕೂರಿಸಿ, ಸ್ಕ್ರೂ ಬಿಗಿಯಲು ಕ್ಯಾಬಿನೆಟ್ಟನ್ನು ಮತ್ತೆ ಮೊದಲಿನಂತೆ ತಿರುಗಿಸಿದಳು. ಡಬ್ಬಿ ಆಗ್ನೇಯ ಬಿಟ್ಟು ವಾಯವ್ಯಕ್ಕೆ ಬಂತು. ಪಕ್ಕಾ ವಾಸ್ತುವಿನ ಷಡಕ್ಷರಪ್ಪ ಅದನ್ನೇ ನೋಡುತ್ತ, ಸರಿಯಾಗಿದೆ ಎಂದು ಇನ್ನೊಮ್ಮೆ ತಲೆಯಾಡಿಸಿದ.